ಮುರಿದ ಕಲ್ಲಬಾಚಿ

ಇವಿರುವಾ, ಮಂಗಾಯಾ ದ್ವೀಪ
ಸೋಮವಾರ

ಪೋಕಿನೋ ದೊಡ್ಡಪ್ಪನಿಗೆ ಅರೆರಂಗಿಯ ನಮಸ್ಕಾರ.

ಹಿರಿಯರಂತೆ ಕಲ್ಲಿನ ಬಾಚಿಯಲ್ಲೇ ಕೆತ್ತುತ್ತೇವೆಂದು ಊರಿಗೆ ಮಾತು ಕೊಟ್ಟ ದೋಣಿ ಮುಗಿಯುತ್ತ ಬಂತು. ನೀವು ಮಾಡಿಕೊಟ್ಟ ಎರಡನೆಯ ಬಾಚಿ ಚೆನ್ನಾಗಿದೆ. ಬಿಸಿಯಾದಾಗಲೆಲ್ಲ ಬಾಳೆದಿಂಡಿಗೆ ಚುಚ್ಚಿ ತಣಿಸುತ್ತಿದ್ದೇನೆ.

ಮೊದಲನೆಯದರ ವಿಷಯ ಎದುರು ನಿಂತು ಹೇಳಲು ನಾಲಿಗೆ ಏಳಲಿಲ್ಲ. ಅದು ಮುರಿದ ದಿನ, "ದೊಡ್ಡಪ್ಪ ಆರಿಸಿದ ಕಲ್ಲಲ್ಲೇ ಬಿರುಕಿತ್ತು" ಎಂದು ಎಲ್ಲರಿಗೂ ಹೇಳಿದೆನಲ್ಲ, ಅದು ಸುಳ್ಳು. ಬಾಚಿ ದೋಣಿಯ ಸುರಹೊನ್ನೆ ಮರದ ಗಂಟಿಗೆ ಸಿಕ್ಕಿಕೊಂಡಿತು. ಇಪ್ಪತ್ತು ವರ್ಷ ಕಬ್ಬಿಣದ ಬಾಚಿ ಹಿಡಿದ ಕೈಯಲ್ಲವೇ, ಹಿಡಿ ಒತ್ತಿ ಮೀಟಿಬಿಟ್ಟೆ. ಕಲ್ಲನ್ನು ಮೀಟಬಾರದು, ಹೋದ ದಾರಿಯಲ್ಲೇ ಹಿಂದಕ್ಕೆ ಎಳೆಯಬೇಕೆಂದು ನೀವು ಮೊದಲ ದಿನವೇ ಹೇಳಿದ್ದಿರಿ.

ನೀವು ಬಂದು ತುಂಡನ್ನು ಬೆಳಕಿಗೆ ಹಿಡಿದು, ಮುರಿದ ಅಂಚಿನ ಮೇಲೆ ಹೆಬ್ಬೆರಳಾಡಿಸಿದಿರಿ. ಮೀಟಿ ಮುರಿದದ್ದೆಂದು ನಿಮಗೆ ತಿಳಿಯದಿರುತ್ತದೆಯೇ? ಆದರೂ, "ಹೂಂ ಕಣೋ, ಕಲ್ಲಿಂದೇ ತಪ್ಪು. ನಂಗೂ ಕಣ್ಣು ಮಂಜಾಯ್ತು" ಅಂದಿರಿ. ಜನ ನಕ್ಕರು. ನಾನೂ ನಕ್ಕೆ.

ಈಗ ಪಕ್ಕದೂರಿನವರು ತಮ್ಮ ದೋಣಿಗೆ ಬೇರೆಯವರಲ್ಲಿ ಬಾಚಿ ಕೇಳಿದ್ದಾರೆ. "ಆ ಮುದುಕಂಗೆ ಕಲ್ಲೇ ಕಾಣಲ್ವಂತೆ, ಬಿಡ್ರೋ" ಎಂದು ನನ್ನೆದುರೇ ಆಡಿಕೊಂಡರು. ನಾನು ತಲೆ ತಗ್ಗಿಸಿ ಬಾಚಿ ಮಸೆಯುತ್ತಲೇ ಇದ್ದೆ.

ಶನಿವಾರ ದೋಣಿ ನೀರಿಗಿಳಿಸುತ್ತೇವೆ. ಬರುವಾಗ, ಅಂದು ನೀವು ಒಯ್ದ ಆ ತುಂಡು ತನ್ನಿ. ಚಿಕ್ಕ ಉಳಿ ಮಾಡಲೆಂದು ಉಜ್ಜಬೇಡಿ, ಮುರಿದ ಅಂಚು ಹಾಗೇ ಇರಲಿ. ಅದನ್ನು ಎಲ್ಲರ ಕೈಗೂ ಕೊಟ್ಟು ನಾನೇ ಹೇಳುತ್ತೇನೆ.

ಆಗ ಮಾತ್ರ, ದೊಡ್ಡಪ್ಪ, ದಯವಿಟ್ಟು ನನ್ನ ಪರವಾಗಿ ಮಾತಾಡಬೇಡಿ.

ನಿಮ್ಮ ತಮ್ಮನ ಮಗ,
ಅರೆರಂಗಿ