ಚಿಪ್ಪಿನೊಳಗಿನ ಮಗು

ತೊಕೊವಿಯಾ ದ್ವೀಪ
ಏಪ್ರಿಲ್ ೯

ತಾರೀಮಾಸ್,

ಹೆಸರಿನ ಮುಂದೆ 'ಪ್ರೀತಿಯ' ಎಂದು ಬರೆಯಬೇಕೋ ಬೇಡವೋ ತಿಳಿಯದೆ ಬರೀ ಹೆಸರು ಬರೆದಿದ್ದೇನೆ. ಬೇಕಿದ್ದರೆ ನೀನೇ ಸೇರಿಸಿಕೊಂಡು ಓದು. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವು ಗಂಡ ಹೆಂಡತಿ ಮಾತು ಶುರು ಮಾಡಿ ಜಗಳದಲ್ಲಿ ಮುಗಿಸುತ್ತೇವೆ. ಅಲ್ಲಿ ನ್ಯೂಜಿಲೆಂಡಿನ ತೋಟದಲ್ಲಿ ಹಣ್ಣು ಕೀಳುವ ಹೊತ್ತಿಗೆ ನಿನಗೆ ಜಗಳ ಬೇಡ, ನನಗೂ ಬೇಡ.

ನಮ್ಮ ಮಾತನ್ನು ಧ್ವನಿಮುದ್ರಿಸಲು ಹಾಲೆಂಡಿನಿಂದ ಒಬ್ಬ ಹೆಂಗಸು ಬಂದಿದ್ದಾಳೆಂದು ಯಾರಾದರೂ ಹೇಳಿರಬೇಕು. ಮಾರೈಕೆ ಎಂದು ಹೆಸರು. ನಮ್ಮ ಭಾಷೆಯನ್ನು ಮುಗ್ಗರಿಸುತ್ತಾ ಆಡುತ್ತಾಳೆ, ನಾನು ಎಲೆಯಲ್ಲಿ ಬೇಯಿಸಿದ ಗೆಣಸಿನ ಲಪ್‌ಲಪ್ ಮಾತ್ರ ಮುಗ್ಗರಿಸದೆ ತಿನ್ನುತ್ತಾಳೆ. ಮುದುಕರ ಕಥೆಗಳನ್ನು ಹಿಡಿದಿಟ್ಟು ಪಟ್ಟಣದ ಸಂಗ್ರಹಾಲಯದಲ್ಲಿ ಇಡುತ್ತಾಳೆ, ಕೆಲವು ರೇಡಿಯೋದಲ್ಲೂ ಬರುತ್ತವೆ. ಕೇಳಿಸಿಕೊಂಡದ್ದನ್ನು ಬರೆದುಕೊಡುವ ಕೆಲಸ ನನ್ನದು.

ಅತ್ತೆ ಮೊದಲು ಒಪ್ಪಲೇ ಇಲ್ಲ. ಮೈಕಿನ ಕಡೆ ಗದ್ದ ತೋರಿಸಿ, "ಈ ಡಬ್ಬಿ ಕೇಳುತ್ತೆ, ಆದರೆ ನಗಲ್ಲ. ನಗದೋರಿಗೆ ಕಥೆ ಹೇಳೋದು ಹೆಂಗೆ? ಸತ್ತೋರ ಮುಂದೆ ಹಲ್ಲು ಕಿರಿದ ಹಾಗೆ," ಅಂದರು. ಕೊನೆಗೆ ನಾನು ಎದುರು ಕೂತು ಊಂಗುಟ್ಟಿದರೆ ಹೇಳುತ್ತೇನೆ ಎಂದರು. ಮಾರೈಕೆ ಯಂತ್ರ ಚಾಲೂ ಮಾಡಿ ಹೊರಗೆ ಹೋಗಿ ಬ್ರೆಡ್‌ಫ್ರೂಟ್ ಮರದ ಕೆಳಗೆ ಕೂತಳು. ಅತ್ತೆ ತೆಂಗಿನಕಾಯಿ ತುರಿಯುತ್ತಲೇ ಚಿಪ್ಪಿನ ಮಗುವಿನ ಕಥೆ ಎತ್ತಿಕೊಂಡರು. ನೀನೂ ಚಿಕ್ಕಂದಿನಲ್ಲಿ ನೂರು ಸಲ ಕೇಳಿದ್ದೀಯ.

ಒಬ್ಬ ಹೆಂಗಸಿದ್ದಳಂತೆ. ದೊಡ್ಡ ಗಾಳಿ ನಿಂತ ಮೇಲೆ ಹವಳದ ದಿಬ್ಬಕ್ಕೆ ಹೋದಳಂತೆ. ಅಲ್ಲೊಂದು ದೈತ್ಯ ಕಪ್ಪೆಚಿಪ್ಪು ಬಾಯಿ ತೆರೆದುಕೊಂಡು ಕೂತಿತ್ತಂತೆ. ಒಳಗೆ ಗಂಡುಮಗು ಇತ್ತಂತೆ. ಇಲ್ಲಿಯವರೆಗೆ ನಾನು ನಿದ್ದೆಗಣ್ಣಲ್ಲೂ ಊಂಗುಟ್ಟಬಲ್ಲೆ. ಆಮೇಲೆ ಅತ್ತೆ, "ಮಗೂನ ಕಾಲನ್ನ ದೋಣಿಯ ಮುರಿದ ಮರಕ್ಕೆ ಕೆಂಪು ಬಟ್ಟೇಲಿ ಕಟ್ಟಿದ್ರು. ನಮ್ಮ ದ್ವೀಪದ ಗಂಟಲ್ಲ ಅದು. ಬಿಚ್ಚೋಕೆ ಬರಲಿಲ್ಲ. ಹಲ್ಲಲ್ಲಿ ಕಚ್ಚಿ ಬಿಚ್ಚಿದೆ. ಬಾಯೆಲ್ಲ ಉಪ್ಪು," ಅಂದರು. ತುರಿಯುವ ಕೈ ನಿಂತಿರಲಿಲ್ಲ. ಮುಂದಿನ ವಾಕ್ಯಕ್ಕೆ 'ಅಂತೆ' ಮರಳಿ ಬಂತು. ಹೆಂಗಸು ಮಗುವನ್ನು ಮನೆಗೆ ತಂದಳಂತೆ, ಸಾಕಿದಳಂತೆ. ಕಥೆ ಮುಗಿಯಿತು.

ಮರುದಿನ ಅದನ್ನು ಬರೆಯಲು ಕೂತಾಗ ಮಾರೈಕೆ ಅದೇ ಜಾಗದಲ್ಲಿ ನಿಲ್ಲಿಸಿದಳು. ಕಥೆಯ ವಾಕ್ಯಕ್ಕೆ 'ಅಂತೆ' ಬರಲೇಬೇಕು, ಕಣ್ಣಾರೆ ಕಂಡದ್ದಕ್ಕೆ, ಕೈಯಾರೆ ಮಾಡಿದ್ದಕ್ಕೆ ಬರಬಾರದು ಎಂದು ಅವಳಿಗೆ ಕಲಿಸಿದವಳು ನಾನೇ. "ಇಲ್ಲಿ ಬಿಟ್ಟುಹೋಗಿದೆಯಲ್ಲ? 'ಬಿಚ್ಚಿದಳಂತೆ' ಅನ್ನದೆ 'ಬಿಚ್ಚಿದೆ' ಅಂತಿದ್ದಾರಲ್ಲ?" ಎಂದು ಕೇಳಿದಳು. "ವಯಸ್ಸಾಯ್ತಲ್ಲ, ಮರೆತಿರಬೇಕು," ಅಂದೆ. ಅವಳು ನನ್ನ ಮುಖ ನೋಡಿ ಮುಂದಿನ ವಾಕ್ಯಕ್ಕೆ ಹೋದಳು.

ಯಾಕೆ ಸುಳ್ಳು ಹೇಳಿದೆ ಎಂದು ನನಗೇ ಸರಿಯಾಗಿ ಗೊತ್ತಿಲ್ಲ. ಹೊಳೆಯ ಪಕ್ಕದ ತೋಟ ನಿನಗೆ ತಾಯಿಯ ಕಡೆಯಿಂದ ಬಂದದ್ದು. ನೀನು ಅವರ ಹೊಟ್ಟೆಯಲ್ಲಿ ಹುಟ್ಟಿದವನಲ್ಲ ಎಂದಾದರೆ ನಿನ್ನ ದಾಯಾದಿ ಕಾಲ್ಪಾವು ಮಾರನೆಯ ದಿನವೇ ಅಲ್ಲಿ ಬೇಲಿ ಹಾಕುತ್ತಾನೆ. ಅದಕ್ಕೇ ಇರಬಹುದು. ಅಥವಾ ನೀನು ಮನೆ ಬಿಟ್ಟ ಸಂಜೆ ನೆನಪಾಗಿ ಇರಬಹುದು. ಕಾವಾ ಬೇರಿನ ಮತ್ತಿನ ರಸ ಕುಡಿಯುವ ಕಡೆ ಅದೇ ಕಾಲ್ಪಾವು, "ನಿನ್ನ ಮೂಗು ಯಾವ ಅಲೆ ಮೇಲೆ ತೇಲಿ ಬಂತೋ?" ಎಂದು ಛೇಡಿಸಿದ್ದ. ನೀನು ಬಂದು ಅತ್ತೆಯ ಮುಂದೆ ನಿಂತು, "ನಾನು ನಿನ್ನ ಹೊಟ್ಟೇಲಿ ಹುಟ್ಟಿದ್ದಾ, ಇಲ್ವಾ? ಹೇಳು," ಅಂದೆ. ಅವರು, "ಮೊದ್ಲು ಊಟ ಮಾಡು, ಗೆಣಸು ತಣ್ಣಗಾಗುತ್ತೆ," ಅಂದರು. ನೀನು ಉಣ್ಣಲಿಲ್ಲ. ಜೊತೆಗೆ ಬಾ ಎಂದು ನನ್ನನ್ನು ಕರೆದೆ. ನಾನು ಬರಲಿಲ್ಲ.

ಈ ಸಲ ನಾನೇ ಕೇಳಿದೆ. "ಅತ್ತೆ, ಆ ಮಗು ಯಾರು?"

"ಕಥೆ ಮಗು."

"ಗಂಟು ಬಿಚ್ಚಿದ್ದು?"

"ಹಲ್ಲಿದ್ದೋರು ಬಿಚ್ಚಿದ್ರು. ಈಗ ನೋಡು, ಒಂದೂ ಇಲ್ಲ," ಎಂದು ಬಾಯಿ ತೆರೆದು ತೋರಿಸಿದರು. ನನಗೆ ನಗು ಬಂತು, ಅಲ್ಲಿಗೆ ಮಾತು ಮುಗಿಯಿತು.

ಒಂದು ವಾರ ಬಿಟ್ಟು, ಅದೇ ಕಥೆ ಇನ್ನೊಮ್ಮೆ ಹೇಳುತ್ತೇನೆ ಎಂದು ಅವರೇ ಮಾರೈಕೆಯನ್ನು ಕರೆಸಿದರು. ಈ ಸಲ ಚಿಪ್ಪಿನಲ್ಲಿ ಇದ್ದದ್ದು ಹೆಣ್ಣುಮಗುವಂತೆ. ಕೆಂಪು ಬಟ್ಟೆಯೂ ಇಲ್ಲ, ಗಂಟೂ ಇಲ್ಲ. ಮೊದಲಿನಿಂದ ಕೊನೆವರೆಗೆ ಒಂದು 'ಅಂತೆ'ಯೂ ತಪ್ಪಲಿಲ್ಲ. ಹಾಗಾದರೆ ಮೊದಲ ಸಲ ನಿಜವಾಗಿಯೂ ಬಾಯಿ ತಪ್ಪಿತ್ತೇ? ನನ್ನ ಒಂದು ವಾರದ ಸಂಕಟ ದಂಡವೇ? ಸಮಾಧಾನವಾಗಬೇಕಿತ್ತು, ಆಗಲಿಲ್ಲ.

ನೀನು ಹುಟ್ಟಿದ ಆ ದೊಡ್ಡ ಗಾಳಿಯ ವರ್ಷ ಅತ್ತೆಯ ನೆರೆಯಲ್ಲಿದ್ದವರಲ್ಲಿ ಉಳಿದಿರುವವರು ಲೇಮಾಲಿ ಅಜ್ಜಿ ಒಬ್ಬರೇ. ಒಣಮೀನು ಕೊಡುವ ನೆಪದಲ್ಲಿ ಹೋಗಿ, ಆ ವರ್ಷ ನಮ್ಮ ಅತ್ತೆ ಬಸುರಿಯಾಗಿದ್ದರೇ ಎಂದು ಸುತ್ತಿಬಳಸಿ ಕೇಳಿದೆ. ಅಜ್ಜಿ, "ಆ ವರ್ಷ ಎಲ್ಲರ ಹೊಟ್ಟೇನೂ ಉಬ್ಬಿತ್ತು ಕಣೇ. ಹಸಿವಿಗೆ ಕಾಡುಬೇರು ತಿಂದು ಉಬ್ಬಿದ್ದು. ಯಾರದ್ದರಲ್ಲಿ ಮಗು, ಯಾರದ್ದರಲ್ಲಿ ಗಾಳಿ ಅಂತ ಮುಟ್ಟಿ ನೋಡ್ತಾ ಕೂತಿದ್ವಾ?" ಅಂದರು. ಮೀನು ಇಟ್ಟುಕೊಂಡರು. ಹೋದಾಗ ಇದ್ದದ್ದಕ್ಕಿಂತ ಹೆಚ್ಚು ಗೊಂದಲ ಹೊತ್ತು ನಾನು ವಾಪಸು ಬಂದೆ.

ನಿನ್ನ ಫೋಟೋ ತೆಗೆದು ನೋಡಿದೆ. ಮೂಗು ಅತ್ತೆಯದಲ್ಲ. ಆದರೆ ಸಿಟ್ಟು ಬಂದಾಗ ಉತ್ತರ ಕೊಡದೆ ಬೇರೆ ಏನನ್ನೋ ಹೇಳುವುದು ಇಬ್ಬರದೂ ಒಂದೇ. ಅದು ಹುಟ್ಟಿನಿಂದ ಬರುತ್ತದೆಯೋ, ಒಂದೇ ಒಲೆಯ ಊಟದಿಂದ ಬರುತ್ತದೆಯೋ, ಯಾರನ್ನು ಕೇಳಲಿ?

ಹಡಗು ಬರುವ ಸುದ್ದಿ ಬಂದ ದಿನ ಮಾರೈಕೆ ಎಲ್ಲ ಮುದುಕರನ್ನೂ ಒಬ್ಬೊಬ್ಬರಾಗಿ ಕೇಳಿದಳು, ನಿಮ್ಮ ಕಥೆಯನ್ನು ಯಾರು ಯಾರು ಕೇಳಬಹುದು ಎಂದು. ಹೇಳಿದವರು ಬೇಡವೆಂದರೆ ಅವಳು ಯಾರಿಗೂ ಕೇಳಿಸುವುದಿಲ್ಲ. ಅತ್ತೆ ಬಾಗಿಲಲ್ಲಿ ಕೂತು ಕಾಲು ನೀವಿಕೊಳ್ಳುತ್ತಿದ್ದರು. "ಎರಡನೇ ಸಲ ಹೇಳಿದ್ದು ರೇಡಿಯೋಗೆ ಹಾಕು. ಊರೆಲ್ಲ ಕೇಳಲಿ, ಕಾಲ್ಪಾವೂ ಕೇಳಲಿ," ಅಂದರು.

"ಮೊದಲನೇದು?" ಮಾರೈಕೆ ಕೇಳಿದಳು.

"ಅದು ಬೇಡ. ಅದು ಒಬ್ಬನಿಗೆ ಹೇಳಿದ್ದು."

ನನ್ನ ಕಡೆ ನೋಡಲೂ ಇಲ್ಲ. ಎದ್ದು ಕೋಳಿ ಓಡಿಸಲು ಹೋದರು.

ಮಾರೈಕೆ ಆ ಮೊದಲ ಕಥೆಯನ್ನು ಒಂದು ಪುಟ್ಟ ಮೆಮೊರಿ ಕಾರ್ಡಿಗೆ ಹಾಕಿಕೊಟ್ಟು, ತನ್ನ ಬಳಿ ಇದ್ದದ್ದನ್ನು ನನ್ನೆದುರೇ ಅಳಿಸಿದಳು. ನಾಳೆ ಪಟ್ಟಣ ತಲುಪಿ ಈ ಪತ್ರವನ್ನೂ ಕಾರ್ಡನ್ನೂ ನಿನಗೆ ಕಳಿಸುತ್ತಾಳೆ. ನಿನ್ನ ಫೋನಿಗೆ ಹಾಕಿ ಒಬ್ಬನೇ ಇರುವಾಗ ಕೇಳು. ಕೇಳಿ ನೀನು ಏನೆಂದುಕೊಳ್ಳಬೇಕು ಎಂದು ನಾನು ಹೇಳಲಾರೆ. ಅತ್ತೆ ನಿನಗೆ ತಾಯಿ ಅಲ್ಲ ಎಂದು ಹೇಳುತ್ತಿದ್ದಾರೋ, ಹಲ್ಲಲ್ಲಿ ಕಚ್ಚಿ ಬಿಚ್ಚಿದವಳಿಗಿಂತ ಬೇರೆ ತಾಯಿ ಬೇಕೇನೋ ಎಂದು ಕೇಳುತ್ತಿದ್ದಾರೋ, ನನಗೆ ಬೆಳಿಗ್ಗೆ ಒಂದು ಥರ ಕಾಣುತ್ತದೆ, ಸಂಜೆಗೆ ಇನ್ನೊಂದು ಥರ. ತೋಟದ ಗೆಣಸು ಅಗೆದಾಯಿತು. ನಿನ್ನ ಪಾಲನ್ನು ನಿನ್ನ ಹೆಸರಲ್ಲೇ ಅಟ್ಟಕ್ಕೆ ಹಾಕಿದ್ದೇನೆ.

ಇನ್ನೂ ನಿನ್ನ ಹೆಂಡತಿಯೇ ಆಗಿರುವ,
ಲೇಸಾವಿ

ತಾ.ಕ. ಒಂದು ವಿಷಯವನ್ನು ಪತ್ರದೊಳಗೆ ಬರೆಯಲಿಲ್ಲ. ಕನಿಕರದಿಂದ ಓಡಿಬಂದರೆ ಅತ್ತೆಗೆ ಹಿಡಿಸುವುದಿಲ್ಲ, ಮೊದಲು ನೀನು ಕಥೆ ಕೇಳಬೇಕು ಎಂದು ಬಿಟ್ಟೆ. ಆದರೆ ಲಕೋಟೆ ಅಂಟಿಸಲು ಮನಸ್ಸು ಬರುತ್ತಿಲ್ಲ. ಕೋಳಿ ಓಡಿಸಲು ಹೋದರು ಎಂದೆನಲ್ಲ, ಅದರ ಮಾರನೆಯ ಬೆಳಿಗ್ಗೆ ಅವರಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋದವು. ಮಾತು ಪೂರ್ತಿ ನಿಂತಿದೆ. ನರ್ಸ್ ಪಟ್ಟಣದ ಆಸ್ಪತ್ರೆಗೆ ಒಯ್ಯೋಣ ಎಂದಾಗ ಎಡಗೈಯಿಂದ ಮನೆಯ ಕಂಬ ಹಿಡಿದುಕೊಂಡವರು ಬಿಡಲೇ ಇಲ್ಲ. ಗಂಜಿ ಕುಡಿಯುತ್ತಾರೆ, ನನ್ನ ಗುರುತು ಹಿಡಿಯುತ್ತಾರೆ. ಇವತ್ತು ಅವರ ಕಿವಿಯ ಹತ್ತಿರ ಬಗ್ಗಿ, ತಾರೀಮಾಸನಿಗೆ ಬರೆಯುತ್ತಿದ್ದೇನೆ ಎಂದೆ. ಪಕ್ಕದಲ್ಲಿ ಖಾಲಿ ಇದ್ದ ಚಾಪೆಯನ್ನು ಎಡಗೈಯಿಂದ ಎರಡು ಸಲ ತಟ್ಟಿದರು. ಬಂದು ಕೂತ್ಕೋ ಅಂದರೋ, ಧೂಳು ಕೊಡವಿದರೋ, ನನಗೆ ಗೊತ್ತಾಗಲಿಲ್ಲ. ನೀನು ಬಂದರೆ ನಿನಗೆ ಗೊತ್ತಾದೀತು.