ಲೆಡ್ವಿತ್‌ರ ಬೆಂಕಿ

ಬ್ಯಾಲಿಮೋರ್, ವೆಸ್ಟ್‌ಮೀತ್
೧೪ ಮೇ ೧೯೮೬

ಮಗಳು ಓಫೇಲಿಯಾಗೆ ಅಪ್ಪನ ಮುತ್ತುಗಳು.

ಐರ್ಲೆಂಡಿಗೆ ಹೋದ ಮುದುಕ ಒಂದು ಸಾಲೂ ಬರೆಯಲಿಲ್ಲವಲ್ಲ ಅಂತ ಮುನಿಸಿಕೊಂಡಿರುತ್ತೀ. ತಪ್ಪಾಯಿತು, ತಾಯಿ. ಇಲ್ಲಿ ಪೆನ್ನು ಹಿಡಿದು ಕೂತರೆ ಸಾಕು, ಯಾರಾದರೂ ಚಹಾ ತಂದಿಡುತ್ತಾರೆ. ಬೇಡ ಅಂದರೆ ಬೇಜಾರು. ನಮ್ಮೂರು ಸುಯಿಪಾಚಾದಿಂದ ತಂದ, ಚಹಾದ ಬದಲು ನಾವು ಕುಡಿಯುವ ಮಾಟೆ ಸೊಪ್ಪನ್ನು ನಾನು ಇಳಿದುಕೊಂಡಿರುವ ಮನೆಯೊಡತಿ ಡೀಲಿಯಾ ಫೇಗನ್ ಮೂಸಿ ನೋಡಿ, "ಇಂಥದ್ದನ್ನ ನಾವು ಹಸುಗೆ ಹಾಕ್ತೀವಿ, ಅನ್ಸೆಲ್ಮೋ" ಅಂದರು. ಎಂಬತ್ತು ದಾಟಿದೆ, ನಾಲಿಗೆ ಮಾತ್ರ ಇಪ್ಪತ್ತರದು.

ನನ್ನ ಇಂಗ್ಲಿಷಿನ ಪಾಡು ಕೇಳಬೇಡ. ಕಾಲೇಜಿನಲ್ಲಿ ಕಲಿತದ್ದರಲ್ಲಿ ಉಳಿದಿರುವುದು "ಬೆಕ್ಕು ಮೇಜಿನ ಕೆಳಗಿದೆ", "ನಾಳೆ ಮಳೆ ಬರಬಹುದು", ಇಷ್ಟೇ. ಎರಡನೆಯದು ಇಲ್ಲಿ ದಿನಾ ಉಪಯೋಗಕ್ಕೆ ಬರುತ್ತದೆ. ಬಸ್ಸಿಳಿದವನೇ ಒಬ್ಬನ ಹತ್ತಿರ, ನಿನ್ನ ಅಮ್ಮನ ಹಿರಿಯರ ಊರು ಕೇಳಲು ಹೋಗಿ, "ನನ್ನ ಹೆಂಡತಿಯ ಸತ್ತವರು ಎಲ್ಲಿದ್ದಾರೆ?" ಅಂದುಬಿಟ್ಟೆ. ಆತ ಟೋಪಿ ತೆಗೆದು, ಗಂಭೀರವಾಗಿ ಸ್ಮಶಾನದ ದಾರಿ ತೋರಿಸಿದ. ಅವನೇ ಡೀಲಿಯಾ ಅವರ ತಮ್ಮ ಮ್ಯಾಟಿ. ಆಮೇಲೆ ಊರೆಲ್ಲ ಹೇಳಿಕೊಂಡು ನಕ್ಕ.

ನಾನು ಬಂದದ್ದು ಯಾಕೆಂದು ನಿನಗೆ ಗೊತ್ತು. ಕೊನೆಯ ದಿನಗಳಲ್ಲಿ ನಿನ್ನ ಅಮ್ಮ ಸ್ಪ್ಯಾನಿಷ್ ಬಿಟ್ಟು ತವರಿನ ಇಂಗ್ಲಿಷಿನಲ್ಲೇ ಗೊಣಗುತ್ತಿದ್ದಳು. ನನಗೆ ತಿಳಿದದ್ದು ಒಂದೇ ಮಾತು, ಅದೂ ನಮ್ಮ ಸ್ಪ್ಯಾನಿಷಿನದು: ಇಗ್ಲೇಸ್ಯಾ. ಚರ್ಚು! ಹಬ್ಬಕ್ಕೊಮ್ಮೆ ಆ ಕಡೆ ಮುಖ ಹಾಕುತ್ತಿದ್ದವಳು ಚರ್ಚನ್ನು ಯಾಕೆ ಕನವರಿಸಿದಳು ಅಂತ ನೀನೂ ಕೇಳಿದ್ದೆ. ಅವಳ ಮುತ್ತಜ್ಜ ಲೆಡ್ವಿತ್ ಹಡಗು ಹತ್ತುವ ಮುಂಚೆ ಮಂಡಿಯೂರಿದ ಚರ್ಚೇ ಇರಬೇಕು, ಅಲ್ಲೊಂದು ಮೇಣದಬತ್ತಿ ಹಚ್ಚಿದರೆ ಅವಳ ಕೊನೆಯಾಸೆ ತೀರಿದ ಹಾಗೆ ಅಂತ ನನ್ನ ಲೆಕ್ಕ.

ಹಚ್ಚಿದೆ, ಮಗಳೇ. ಏನೂ ಅನ್ನಿಸಲಿಲ್ಲ. ನನ್ನ ಕತಾಲೀನಾ ಅಲ್ಲಿರಲಿಲ್ಲ.

ಮಧ್ಯಾಹ್ನ ತೊಯ್ದು ಮನೆಗೆ ಬಂದೆ. ನನಗೆ ಚಳಿಯಾಗಿದೆಯೆಂದು ಮ್ಯಾಟಿ ಕಬ್ಬಿಣದ ಸಲಾಕೆ ತೆಗೆದು ಒಲೆ ಕೆದಕತೊಡಗಿದ. ಡೀಲಿಯಾ ಒಳಗಿಂದಲೇ ಕೂಗಿದರು: "ಮೆಲ್ಲಗೆ ಕಣೋ, ಕುರಿ ಹಿಡಿಯೋ ಹಾಗೆ ನುಗ್ಗಬೇಡ! ಗ್ರೀಷಾ ಜೋಪಾನ!"

ನಾನು ಎದ್ದು ನಿಂತೆ. "ಏನಂದಿರಿ? ಇನ್ನೊಂದು ಸಲ ಹೇಳಿ."

"ಗ್ರೀಷಾ. ಹಳೇ ಮಾತು, ಈಗಿನ ಹುಡುಗರಿಗೆ ಗೊತ್ತಿಲ್ಲ," ಅಂದವರೇ ಬಂದು ಬೂದಿಯನ್ನು ಮೆತ್ತಗೆ ಸರಿಸಿದರು. ಅಡಿಯಲ್ಲಿ ಕೆಂಡ, ನಿಗಿನಿಗಿ. "ಇದೇ. ರಾತ್ರಿ ಮುಚ್ಚಿಡೋದು, ಬೆಳಿಗ್ಗೆ ಊದಿ ಎಬ್ಬಿಸೋದು. ಆರಿದರೆ ಮನೆಯೇ ಆರಿದ ಹಾಗೆ."

ಅಮ್ಮ ದಿನಾ ಮಲಗುವ ಮುಂಚೆ ನಮ್ಮ ಅಡುಗೆಮನೆಯ ಕಬ್ಬಿಣದ ಒಲೆಯಲ್ಲಿ ಹೀಗೇ ಬೂದಿ ಎಳೆಯುತ್ತಿದ್ದದ್ದು ನಿನಗೆ ನೆನಪಿದೆಯಲ್ಲ? ಅದನ್ನು ಹೇಳಿದೆ, ಮನೆತನದ ಹೆಸರೂ ಹೇಳಿದೆ. ಡೀಲಿಯಾ ಅಲ್ಲೇ ಕುಕ್ಕರುಬಡಿದರು.

"ಲೆಡ್ವಿತ್‌ರವರಾ? ಮೊದಲೇ ಬಾಯಿಬಿಡಬಾರದಿತ್ತಾ! ಹೊರಡೋ ದಿನ ಅವರು ತಮ್ಮ ಒಲೆಯ ಕೆಂಡಾನ ಸಲಿಕೆಯಲ್ಲಿ ತಂದು ನಮ್ಮ ಒಲೆಗೆ ಸುರಿದು ಹೋದರಂತೆ. ಬೀಗ ಹಾಕಿದ ಮನೆಯಲ್ಲಿ ಬೆಂಕಿ ಸಾಯಬಾರದು ಅಂತ. ವಾಪಸ್ ಬಂದವರಿಗೆ ಕೊಡಬೇಕು ಅಂತ ನಮ್ಮಜ್ಜಿ ಹೇಳ್ತಾ ಇದ್ದಳು."

"ಅವತ್ತಿಂದ ನಮ್ಮ ಟರ್ಫ್ ತಿಂದುಕೊಂಡೇ ಕೂತಿದೆ ನಿಮ್ಮ ಬೆಂಕಿ," ಅಂದ ಮ್ಯಾಟಿ, ಜೌಗಿನಿಂದ ಕಡಿದು ಒಣಗಿಸಿದ ಉರುವಲು ಮಣ್ಣಿನ ಇನ್ನೊಂದು ಹೆಂಟೆ ಒಲೆಗಿಡುತ್ತಾ. "ಈಗಾದರೂ ಕರ್ಕೊಂಡು ಹೋಗು ಮಾರಾಯಾ."

ಮಳೆ ನಿಂತ ಮೇಲೆ ಅವನೇ ಸಲಿಕೆ ತುಂಬ ಕೆಂಡ ಹೊತ್ತು ಮುಂದೆ ನಡೆದ, ಹಿಂದೆ ಡೀಲಿಯಾ ಮತ್ತು ನಾನು. ಲೆಡ್ವಿತ್‌ರ ಮನೆಯೆಂದರೆ ಈಗ ಒಂದು ಗೋಡೆ, ಸುತ್ತ ತುರಿಕೆಸೊಪ್ಪು. ಒಲೆಯ ಕಲ್ಲು ಮಾತ್ರ ಹಾಗೇ ಇದೆ. ಅದರ ಮೇಲೆ ಸುರಿದೆವು. ಒದ್ದೆ ಕಲ್ಲು ಚುರ್ ಅಂತು. ಮೂವರೂ ಕೈ ಕಾಯಿಸಿಕೊಂಡೆವು. ಯಾರೂ ಪ್ರಾರ್ಥನೆ ಹೇಳಲಿಲ್ಲ.

ಮುಂದಿನ ವಾರ ಹೊರಡುತ್ತೇನೆ. ಮೈ ನೋಡಿಕೋ. ನಿನ್ನ ಮನೆಯ ಒಲೆ ಸದಾ ಬೆಚ್ಚಗಿರಲಿ.

ನಿನ್ನ ಅಪ್ಪ,
ಅನ್ಸೆಲ್ಮೋ

ತಾ.ಕ.: ಓಫೇಲಿಯಾ, ಅಮ್ಮ ಚರ್ಚು ಕೇಳಲಿಲ್ಲ. ಅವಳು ಅಂದದ್ದು ಗ್ರೀಷಾ, ನನ್ನ ಕಿವಿಗೆ ಬಿದ್ದದ್ದು ಇಗ್ಲೇಸ್ಯಾ. ನಮ್ಮ ಕಡೆಯ ಚಳಿಗಾಲ, ಜುಲೈ ತಿಂಗಳ ಆ ಚಳಿಯಲ್ಲಿ ಒಲೆ ಆರುತ್ತಿತ್ತು, ಅದನ್ನು ನೋಡು ಅಂದಿದ್ದಳು. ನಾನು ಪಾದ್ರಿಯನ್ನು ಕರೆತರಲು ಓಡಿದೆ. ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಚಳಿಯೆಂದು ಅವಳ ಮಂಚವನ್ನು ಅಡುಗೆಮನೆಯಲ್ಲೇ ಹಾಕಿದ್ದೆವಲ್ಲ, ಒಲೆ ಪಕ್ಕದಲ್ಲೇ ಇತ್ತು. ಅವಳ ಮಾತು ತಿಳಿದಿದ್ದರೆ ನಾನು ಮನೆಯಲ್ಲೇ ಇರುತ್ತಿದ್ದೆ.