ಕಿವಿಗೆ ಹಾಕಿಕೊಳ್ಳದ ಮಾತು

ಭಾನುವಾರ, ಮಧ್ಯಾಹ್ನ

ಬೈಯುವ ಮೊದಲು ಪೂರ್ತಿ ಓದಬೇಕಾದ ನನ್ನ ಅಕ್ಕನಿಗೆ,

ಮೊದಲು ಒಳ್ಳೆಯ ಸುದ್ದಿ: ನಾನು ಚೆನ್ನಾಗಿದ್ದೇನೆ, ನೀನು ಕೊಟ್ಟ ಕಿಡ್ನಿಯೂ ಚೆನ್ನಾಗಿದೆ. ಈಗ ಕೂತುಕೋ. ನನ್ನ ಬಲಗಿವಿಯ ಅಂಚಿನಲ್ಲಿ ಒಂದು ಚೂರು ಈಗಿಲ್ಲ. ಚರ್ಮದ ಕ್ಯಾನ್ಸರ್ ಆಗಿತ್ತು, ಕೊಯ್ದು ತೆಗೆದರು.

ಬೋರ್ಡು ಬರೆಯುವವಳ ಬುದ್ಧಿ ನೋಡು. ಕಿವಿಯ ಮೇಲೆ ಕೆಂಪಗೆ, ಒರಟಾಗಿ ಏನೋ ಅಂಟಿದಂತಿತ್ತು. ಔಷಧಿ ಅಂಗಡಿಯ ಬೋರ್ಡಿಗೆ ಬಳಿದ ಬಣ್ಣ ಸಿಡಿದಿದೆ ಎಂದುಕೊಂಡು ಟರ್ಪೆಂಟೈನ್ ಹಚ್ಚಿ ಉಜ್ಜಿದೆ. ಹೋಗಲಿಲ್ಲ. ಮರುದಿನವೂ ಉಜ್ಜಿದೆ. ಬಣ್ಣದಿಂದ ರಕ್ತ ಬರುವುದಿಲ್ಲ ಎಂದು ಹೊಳೆದದ್ದು ರಕ್ತ ಬಂದ ಮೇಲೆಯೇ. ಇದನ್ನು ಕೇಳಿ ಡಾಕ್ಟರಮ್ಮ ನಗಬೇಕೋ ಅಳಬೇಕೋ ತಿಳಿಯದೆ ನನ್ನ ಮುಖ ನೋಡಿದರು.

ಕಿಡ್ನಿಯನ್ನು ಮೈ ಹೊರಗಟ್ಟದಿರಲಿ ಎಂದು ನಾನು ನುಂಗುವ ಮಾತ್ರೆಗಳು ಚರ್ಮದ ಕಾವಲನ್ನೂ ಮಲಗಿಸುತ್ತವಂತೆ. ಅದರ ಮೇಲೆ ನಾನು ವರ್ಷಗಟ್ಟಲೆ ಏಣಿ ಹತ್ತಿ ಬಿಸಿಲು ಕುಡಿದವಳು. ನಮ್ಮಂಥವರಿಗೆ ಇದು ಬರುವುದೂ ಹೆಚ್ಚು, ಹರಡುವುದೂ ಬೇಗ. "ಬೇಗ ಬಂದ್ರಿ, ಬಚಾವಾದ್ರಿ" ಎಂದರು. ಟೋಪಿ ಹಾಕಿಕೋ ಎಂದು ನೀನು ಬಡಿದುಕೊಂಡೆ; ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಸರಿಯಾಗಿ ಕಿವಿಗೇ ಬಂತು!

ಕ್ಯಾನ್ಸರಿಗಿಂತ ನನ್ನನ್ನು ಹೆದರಿಸಿದ್ದು ಬೇರೆ. ಒಂದು ಮಾತ್ರೆ ಬದಲಿಸಬೇಕು ಎಂದರು. ಬದಲಿಸಿದ್ದಕ್ಕೆ ಕಿಡ್ನಿ ಮುನಿಸಿಕೊಂಡರೆ? ನೀನು ಹೊಟ್ಟೆ ಕೊಯ್ಸಿಕೊಂಡು ಕೊಟ್ಟದ್ದನ್ನು ಕಳೆದುಕೊಂಡೆ ಎಂದು ಯಾವ ಬಾಯಲ್ಲಿ ಹೇಳಲಿ? ಅದಕ್ಕೇ ಫೋನಿನಲ್ಲಿ ಬರೀ ನೆಗಡಿ ಎನ್ನುತ್ತಿದ್ದೆ.

ನಿನ್ನೆ ಎರಡೂ ಫಲಿತಾಂಶ ಬಂದವು. ಕೊಯ್ದ ಅಂಚಿನಲ್ಲಿ ಏನೂ ಉಳಿದಿಲ್ಲ. ರಕ್ತ ಪರೀಕ್ಷೆಯೂ ಚೆನ್ನಾಗಿದೆ. "ನಿಮ್ಮಕ್ಕನ ಕಿಡ್ನಿ ಯಾವುದಕ್ಕೂ ಜಗ್ಗೋದಲ್ಲ ಬಿಡಿ" ಎಂದರು ಡಾಕ್ಟರಮ್ಮ. ನಿನ್ನದಲ್ಲವೇ, ಹಟ ಇರಲೇಬೇಕು. ಹೊರಗೆ ಬೆಂಚಿನ ಮೇಲೆ ಕೂತು ಜೋರಾಗಿ ಅತ್ತೆ, ಎದೆ ಹಗುರಾಯಿತು. ಪಕ್ಕದಲ್ಲಿದ್ದ ಅಜ್ಜಿ, ಪಾಪ, ಕೆಟ್ಟ ಸುದ್ದಿ ಎಂದುಕೊಂಡು ತಮ್ಮ ಕರವಸ್ತ್ರ ಕೊಟ್ಟರು.

ಇನ್ನು ಮುಂದೆ ಟೋಪಿ, ಬಿಸಿಲು ತಡೆಯುವ ಮುಲಾಮು, ಕೆಲವು ತಿಂಗಳಿಗೊಮ್ಮೆ ಮೈಯೆಲ್ಲ ತಪಾಸಣೆ. ಮತ್ತೆ ಬರಬಹುದು, ಕಣ್ಣಿಟ್ಟಿರಬೇಕು. ನೀನು ಬಂದಾಗ ಕಿವಿ ಹಿಂಡುವುದಾದರೆ ಎಡಗಿವಿಯನ್ನೇ ಹಿಂಡು.

ನಿನ್ನ,
ಮುಕ್ಕಾದ ಕಿವಿಯ ತಂಗಿ

ತಾ.ಕ.: ನಿನ್ನ ಹೊಲಿಗೆ ಅಂಗಡಿಗೆ ಬೋರ್ಡು ಬರೆದುಕೊಡು ಎಂದು ನೀನು ಎಷ್ಟು ವರ್ಷದಿಂದ ಕೇಳುತ್ತಿದ್ದೆ. ಕಿವಿ ಕೊಯ್ಯುವ ಹಿಂದಿನ ದಿನ ಕೂತು ಬರೆದೆ, ಕೊನೆಯದಾಗುವುದಿದ್ದರೆ ಅದು ನಿನ್ನದೇ ಆಗಲಿ ಎಂದು. ಆ ಹೆದರಿಕೆಯಲ್ಲಿ ‘ಹೊಲಿಗೆ’ಯ ‘ಗೆ’ ಸೊಟ್ಟಗಾಗಿದೆ. ಅದನ್ನು ಕಳಿಸುವುದಿಲ್ಲ. ಹೊಸದು ಬರೆಯುತ್ತೇನೆ, ಇನ್ನೂ ಸ್ವಲ್ಪ ಕಾಯಿ. ಈಗ ನನಗೇನೂ ಅವಸರವಿಲ್ಲ.